ಆಡಲಾರದ ಮಾತನ್ನು ಆಡಿ ತೋರಿಸಿದವರು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಕನ್ನಡ ನಾಡಿನ ಹಿಂದಿನ ತಲೆಮಾರಿನ ಗೃಹಿಣಿಯರಿಗೆ ಸಲ್ಲದ ಕೆಲಸವಾಗಿತ್ತು. ಆದರೂ ಮದುವೆಯ ಮನೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ, ಅದೇ ಹೆಸರು ಒಡಪಿನ ನಡುವೆ ಅಡಗಿಕೊಂಡು ನಗುನಗುತ್ತ ಹೊರಬೀಳುತ್ತಿತ್ತು. ನೇರವಾಗಿ ನುಡಿಯಲಾಗದ ಮಾತಿಗೆ ಆಟದಲ್ಲಿ ಅಡ್ಡಿಯಿರಲಿಲ್ಲ.

ದಕ್ಷಿಣ ಆಫ್ರಿಕದ ಜುಲು ಜನರಲ್ಲಿಯೂ ಇಂಥದೇ ಒಂದು ಮರ್ಯಾದೆಯುಂಟು. ಅದರ ಹೆಸರು ‘ಹ್ಲೊನಿಪ’. ಸಂಪ್ರದಾಯದಂತೆ ನಡೆಯುವ ಸೊಸೆ ಮಾವನ ಹೆಸರನ್ನು ಮಾತ್ರವಲ್ಲ, ಆ ಹೆಸರಿನ ಧ್ವನಿಯುಳ್ಳ ಬೇರೆ ಶಬ್ದಗಳನ್ನೂ ತೊರೆದು, ಬದಲಿಗೆ ಇನ್ನೊಂದು ಶಬ್ದವನ್ನು ಹುಡುಕಿಕೊಳ್ಳಬೇಕು. ಇಂಥ ಸಮಾಜದಲ್ಲಿ ಹಿರಿಯರೆದುರು ಕಿರಿಯರು ಗಂಡುಹೆಣ್ಣಿನ ದೇಹಸಂಬಂಧದ ಮಾತೆತ್ತುವುದು ಎಷ್ಟು ಕಠಿಣವೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಅದು ಸುಲಭವೇ?

ಈ ಮೌನದ ನಡುವೆಯೇ ಏಡ್ಸ್ ಕಾಲಿಟ್ಟಿತು. 1990ರಲ್ಲಿ ಆ ದೇಶದ ಸರಕಾರಿ ಆಸ್ಪತ್ರೆಗಳಿಗೆ ಬರುತ್ತಿದ್ದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಎಚ್.ಐ.ವಿ. ಸೋಂಕು ಕಂಡುಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. 1999ರ ವೇಳೆಗೆ ನೂರಕ್ಕೆ 22. ಜುಲು ಜನರ ನೆಲೆಯಾದ ಕ್ವಾಜುಲು-ನಟಾಲ್ ಪ್ರಾಂತದಲ್ಲಿ ಪ್ರಮಾಣ ಇನ್ನೂ ಹೆಚ್ಚು. ಗೋಡೆಗಳ ಮೇಲೆ ಎಚ್ಚರಿಕೆಯ ಚಿತ್ರಪಟಗಳೇನೋ ಏರಿದವು. ಆದರೆ ಚಿತ್ರಪಟವನ್ನು ಓದಿ ತಿಳಿದ ಹುಡುಗಿ, ತನ್ನನ್ನು ಒತ್ತಾಯಿಸುವ ಗೆಳೆಯನಿಗೆ ಯಾವ ಮಾತಿನಲ್ಲಿ ಉತ್ತರ ಕೊಡಬೇಕು? ಆ ಮಾತನ್ನು ಆಕೆಗೆ ಯಾರೂ ಕಲಿಸಿರಲಿಲ್ಲ.

ಜುಲುಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನಾಟಕಶಾಸ್ತ್ರವನ್ನು ಬೋಧಿಸುತ್ತಿದ್ದ ಲಿನ್ ಡ್ಯಾಲ್ರಿಂಪಲ್ ಎಂಬ ಮಹಿಳೆ 1990ರ ದಶಕದ ಆರಂಭದಲ್ಲಿ ‘ಡ್ರಾಮೇಡ್’ ಎಂಬ ಯೋಜನೆಯನ್ನು ಕೈಗೊಂಡರು. ಅದರ ಕ್ರಮ ಸರಳವಾದುದು. ಮೊದಲು ನಟರ ತಂಡವೊಂದು ಪ್ರೌಢಶಾಲೆಗೆ ಹೋಗಿ ನಾಟಕವಾಡುತ್ತಿತ್ತು. ಬಳಿಕ ವಿದ್ಯಾರ್ಥಿಗಳನ್ನೇ ಕಲೆಹಾಕಿ ಅಭಿನಯದ ಕಮ್ಮಟ. ಕೊನೆಗೆ ಒಂದು ಉತ್ಸವದ ದಿನ ಅದೇ ಮಕ್ಕಳು ತಾವೇ ಕಟ್ಟಿದ ನಾಟಕ, ಹಾಡು, ಕುಣಿತಗಳನ್ನು ಸಹಪಾಠಿಗಳ ಮುಂದೆ, ತಂದೆತಾಯಿಗಳ ಮತ್ತು ಊರವರ ಮುಂದೆ ಪ್ರದರ್ಶಿಸುತ್ತಿದ್ದರು. ಯೋಜನೆಯ ತಿರುಳಿದ್ದದ್ದು ಇಲ್ಲಿಯೇ. ಮನೆಯಲ್ಲಿ ತುಟಿ ಬಿಚ್ಚಲಾರದ ಹುಡುಗಿ ಪಾತ್ರದ ಮರೆಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಮಾತನಾಡಿದಳು. ಮಾತು ಪಾತ್ರದ್ದು, ಆಕ್ಷೇಪಿಸುವವರು ಪಾತ್ರವನ್ನೇ ಆಕ್ಷೇಪಿಸಬೇಕು!

ಕಮ್ಮಟದ ಹಿಂದೆ ಬ್ರೆಜಿಲಿನ ರಂಗಕರ್ಮಿ ಆಗಸ್ಟೊ ಬೋಆಲರ ವಿಚಾರಗಳಿದ್ದವು. ಪ್ರೇಕ್ಷಕನು ಸುಮ್ಮನೆ ಕುಳಿತು ನೋಡಲಾಗದು, ರಂಗಕ್ಕೆ ಬಂದು ಕಥೆಯ ಗತಿಯನ್ನೇ ಬದಲಿಸಬೇಕೆಂಬುದು ಅವರ ಮತ. ಕಾಂಡೋಮ್ ಬೇಕೆಂದ ಹುಡುಗಿಯನ್ನು ‘ನನ್ನ ಮೇಲೆ ನಿನಗೆ ನಂಬಿಕೆಯಿಲ್ಲವೇ?’ ಎಂದು ಹುಡುಗ ಹಂಗಿಸುತ್ತಾನೆನ್ನಿ. ಆಕೆ ಸೋಲುತ್ತಾಳೆ. ಆಟ ಅಲ್ಲಿಗೆ ನಿಲ್ಲುತ್ತದೆ. ನೋಡುತ್ತಿದ್ದವರಲ್ಲಿ ಇನ್ನೊಬ್ಬಳು ಎದ್ದು ಬಂದು ಅವಳ ಜಾಗದಲ್ಲಿ ನಿಂತು ಬೇರೊಂದು ಉತ್ತರ ಕೊಟ್ಟು ನೋಡುತ್ತಾಳೆ. ಆ ಉತ್ತರವೂ ಸಾಲದಿದ್ದರೆ ಮತ್ತೊಬ್ಬಳು. ಇದು ಬಾಳಿನ ಒಂದು ಕಷ್ಟದ ಗಳಿಗೆಗೆ ಮುಂಚಿತವಾಗಿಯೇ ನಡೆಸುವ ತಾಲೀಮು. ಗುರುಗಳ ಉಪದೇಶಕ್ಕಿಂತ ಪಕ್ಕದ ಬೆಂಚಿನ ಗೆಳತಿಯ ಮಾತು ಹೆಚ್ಚು ನಾಟುವುದೆಂಬುದನ್ನು ಹದಿಹರೆಯದ ಮಕ್ಕಳಿರುವ ಯಾವ ತಾಯಿಯಾದರೂ ಬಲ್ಲಳು.

ಹಾಗೆಂದು ನಾಟಕವೇ ರೋಗವನ್ನು ತಡೆಯಿತೆನ್ನುವಂತಿಲ್ಲ. 2005ರಲ್ಲಿ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ 30ಕ್ಕೆ ಮುಟ್ಟಿತ್ತು. ಶಾಲೆಯ ಶುಲ್ಕಕ್ಕೂ ಬಟ್ಟೆಬರೆಗೂ ಹಣ ಕೊಡುವ ವಯಸ್ಕ ಗಂಡಸಿನ ಎದುರು ಬಡ ಹುಡುಗಿಯ ಅಭ್ಯಾಸದ ಮಾತು ಎಷ್ಟು ನಿಂತೀತು? ರಂಗದಿಂದ ಕೆಳಗಿಳಿದು, ಪಾತ್ರದ ಮರೆಯಿಲ್ಲದೆ ಸತ್ಯ ನುಡಿಯುವುದಂತೂ ಪ್ರಾಣಾಂತಿಕವಾಗಿತ್ತು. ಡರ್ಬನ್ ಬಳಿಯ ಕ್ವಾಮಾಶು ಎಂಬಲ್ಲಿ ಗುಗು ದ್ಲಾಮಿನಿ ಎಂಬ ಸ್ವಯಂಸೇವಕಿ ತನಗೆ ಎಚ್.ಐ.ವಿ. ಇದೆಯೆಂದು ಬಹಿರಂಗವಾಗಿ ಹೇಳಿದಳು. ಅದೇ 1998ರ ಡಿಸೆಂಬರಿನಲ್ಲಿ ಅವಳನ್ನು ಬಡಿದು ಕೊಂದರು.

ಅದೇ ತಿಂಗಳ 10ರಂದು ಕೇಪ್‌ಟೌನಿನಲ್ಲಿ ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಎಂಬ ಸಂಘಟನೆ ಹುಟ್ಟಿತು. ಅದರ ಸದಸ್ಯರಲ್ಲಿ ಬಡ ಬಡಾವಣೆಗಳ ತರುಣಿಯರು ಬಹುಸಂಖ್ಯೆಯಲ್ಲಿದ್ದರು. ‘ಎಚ್.ಐ.ವಿ. ಪಾಸಿಟಿವ್’ ಎಂದು ಎದೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಗಿಯನ್ನು ಸೋಂಕಿದ್ದವರೂ ಇಲ್ಲದವರೂ ಒಂದೇ ಸಮನೆ ತೊಟ್ಟರು. ಯಾರನ್ನು ಬಡಿಯಬೇಕೆಂದು ಬಡಿಯುವವನಿಗೆ ತಿಳಿಯದಂತಾಯಿತು. ವರ್ಣಭೇದದ ವಿರುದ್ಧ ಹಿರಿಯರು ಹಾಡಿದ್ದ ಹಾಡುಗಳಿಗೆ ಹೊಸ ಮಾತು ಜೋಡಿಸಿ, ಕುಣಿಯುತ್ತ ಬೀದಿಗಿಳಿದರು. ತಾಯಿಯಿಂದ ಮಗುವಿಗೆ ಸೋಂಕು ತಗಲದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರಕಾರ ಕೆಲವೇ ಆಸ್ಪತ್ರೆಗಳಿಗೆ ಸೀಮಿತಗೊಳಿಸಿತ್ತು. ಈ ಸಂಘಟನೆಯ ಮೊಕದ್ದಮೆಯಲ್ಲಿ ಸಂವಿಧಾನ ನ್ಯಾಯಾಲಯ 2002ರ ಜುಲೈ 5ರಂದು ಆ ನಿರ್ಬಂಧವನ್ನು ತೆಗೆದುಹಾಕಿತು. ಆ ವರ್ಷದ ಡಿಸೆಂಬರಿನಲ್ಲಿ ಅದೇ ಅಂಗಿಯನ್ನು ನೆಲ್ಸನ್ ಮಂಡೇಲಾ ತೊಟ್ಟರು. 2004ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಏಡ್ಸ್ ಔಷಧಿ ಉಚಿತವಾಗಿ ದೊರೆಯತೊಡಗಿತು.

ಡ್ರಾಮೇಡ್ ಕೂಡ ಇಷ್ಟರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತ್ತು. ಸೋಂಕನ್ನು ಹೊತ್ತು ಬಾಳುತ್ತಿರುವ ತರುಣ ತರುಣಿಯರನ್ನೇ ಅದು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ಓರಗೆಯ ವಿದ್ಯಾರ್ಥಿಗಳೊಡನೆ ಬೆರೆತು ಅವರು ನಾಟಕ ಆಡಿಸಿದರು, ಪರೀಕ್ಷೆಗೆ ಅಂಜುವವರ ಜೊತೆಗೆ ನಿಂತರು. ಇವರು ಪಾತ್ರದ ಹೆಸರಿನಲ್ಲಿ ಮಾತನಾಡಲಿಲ್ಲ. ಸೋಂಕಿರುವುದು ತಮಗೇ ಎಂದು ಸಹಪಾಠಿಗಳೆದುರು ತಮ್ಮ ಹೆಸರಿನಲ್ಲಿಯೇ ಹೇಳಿದರು. ಡರ್ಬನ್ ನಗರದ ನಡುವೆ ಈಗ ಗುಗು ದ್ಲಾಮಿನಿಯ ಹೆಸರಿನ ಉದ್ಯಾನವೊಂದಿದೆ.