ಬೆಟ್ಟದ ಮೇಲೆ ಬಂಗಲೆ, ಕೆಳಗೆ ಲೈನ್ ಮನೆ



ನಮ್ಮನ್ನು ಆಳಿದವರು ಹೋದರೂ ಅವರು ಕಟ್ಟಿದ ಕಟ್ಟಡ ಹೋಗಲ್ಲ. ಅದನ್ನು ನೋಡಿದರೆ ಅವರು ಹೇಗಿದ್ದರು, ನಮ್ಮನ್ನು ಎಲ್ಲಿ ಇಟ್ಟಿದ್ದರು ಅಂತ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೊಡಗಿನಲ್ಲಿ ಸಾಲು ಮನೆಗಳ ಊರು ಕಡಿಮೆ. ಒಂದೊಂದು ಕೊಡವ ಒಕ್ಕಕ್ಕೆ ಒಂದೊಂದು ಐನ್‌ಮನೆ. ಅದು ಅವರ ಗದ್ದೆಯ ಹತ್ತಿರ ಎತ್ತರದ ಜಾಗದಲ್ಲಿ ಇರುತ್ತದೆ. ಅಲ್ಲಿಗೆ ಹೋಗಲು ಓಣಿ ಇದೆ. ಮುಂದೆ ಕೈಯಾಲೆ ಅಂದರೆ ಜಗಲಿ. ದೊಡ್ಡ ಐನ್‌ಮನೆಯ ಮಧ್ಯದಲ್ಲಿ ಆಕಾಶ ಕಾಣುವ ಅಂಗಳ. ಆಗ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡು.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಆಗ ಬಂದ ಕರ್ನಲ್ ಫ್ರೇಸರ್ ಹೆಸರಿನಿಂದಲೇ ಈಗಿನ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಅಂತ ಹೆಸರಿತ್ತು. ಮಡಿಕೇರಿ ಕೋಟೆಯಲ್ಲಿ ಲಿಂಗರಾಜೇಂದ್ರ 1812ರಿಂದ 1814ರವರೆಗೆ ಕಟ್ಟಿಸಿದ ಅರಮನೆ ಇದೆ. ಬ್ರಿಟಿಷರು ಅದನ್ನು ಕೆಡವಲಿಲ್ಲ, ಅದರಲ್ಲೇ ಕಚೇರಿ ಮಾಡಿದರು. 1933ರಲ್ಲಿ ಅದಕ್ಕೆ ಗಡಿಯಾರದ ಗೋಪುರ ಸೇರಿತು. ಆದರೆ ಕೋಟೆಯೊಳಗಿದ್ದ ವೀರಭದ್ರ ಗುಡಿಯನ್ನು 1855ರಲ್ಲಿ ತೆಗೆದು ಚರ್ಚ್ ಕಟ್ಟಿದರು. ಚೂಪು ಕಮಾನಿನ ಕಿಟಕಿ, ಬಣ್ಣದ ಗಾಜು ಎಲ್ಲ ಇಂಗ್ಲೆಂಡಿನ ಮಾದರಿ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ.

1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಬಳಿ ಕಾಫಿ ತೋಟ ಮಾಡಿದ. ಆಮೇಲೆ ತುಂಬಾ ದೊರೆಗಳು ಬಂದರು. ಕಾಫಿ ಮೂಟೆ ಗಾಡಿಯಲ್ಲಿ ಘಟ್ಟ ಇಳಿದು ತಲಶ್ಶೇರಿ, ಮಂಗಳೂರು ಬಂದರಿಗೆ ಹೋಗಬೇಕಿತ್ತು. ಅದಕ್ಕೆ ಒಳ್ಳೆ ರಸ್ತೆ ಬೇಕಾಯಿತು. ರಸ್ತೆ ಬದಿಯಲ್ಲಿ ಅಂಗಡಿ, ಸಂತೆ ಬೆಳೆದು ಪೇಟೆಗಳಾದವು. ಪಾಲಿಬೆಟ್ಟದಲ್ಲಿ ದೊರೆಗಳಿಗಾಗಿ ಚರ್ಚ್, ಬ್ಯಾಂಬೂ ಕ್ಲಬ್ ಬಂದವು.

ಆದರೆ ಮಿತ್ರರೇ, ನಮ್ಮ ಮಳೆ ದೊರೆಗಳಿಗೂ ಪಾಠ ಕಲಿಸಿತು! ಅವರು ಇಳಿಜಾರು ಮಾಡು, ಸುತ್ತ ಜಗಲಿ ಇರುವ ಮನೆ ಕಟ್ಟಿದರು. 'ಬಂಗಲೆ' ಎಂಬ ಮಾತು ಕೂಡ ಇಂಗ್ಲೆಂಡಿನದಲ್ಲ, ಬಂಗಾಳದ ಮನೆಯಿಂದ ಬಂದದ್ದು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದರು. ಒಂದು ಹೆಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವುದರಿಂದ ನೀರು ಒಳಗೆ ಬರಲ್ಲ, ಹುಲ್ಲಿನ ಹಾಗೆ ಬೆಂಕಿಯೂ ಹಿಡಿಯಲ್ಲ. ಹೀಗೆ ಹುಲ್ಲಿನ ಮಾಡು ಹೋಗಿ ಹೆಂಚು ಬಂತು.

ದೂರದ ಫಿಲಿಪ್ಪೀನ್ಸ್ ದೇಶದಲ್ಲೂ ಇಂಥದ್ದೇ ಆಯಿತು. ಸ್ಪೇನಿನವರು ಅದನ್ನು 1565ರಿಂದ 1898ರವರೆಗೆ ಆಳಿದರು. ಊರು ಹೀಗೇ ಕಟ್ಟಬೇಕು ಅಂತ ಸ್ಪೇನಿನ ರಾಜ 1573ರಲ್ಲಿ ಆಜ್ಞೆ ಮಾಡಿದ್ದ. ನಡುವೆ ಚೌಕ, ಅದರ ಬದಿಗೆ ಚರ್ಚು, ಕಚೇರಿ, ನೇರ ಬೀದಿ. ಆದರೆ ಅಲ್ಲೂ ಭೂಕಂಪ, ಬಿರುಗಾಳಿ ಜಾಸ್ತಿ. ಆದ್ದರಿಂದ ಕೆಳಗೆ ಕಲ್ಲು, ಮೇಲೆ ಮರ ಇರುವ ಮನೆ ಹುಟ್ಟಿತು. ಅಲ್ಲಿ ಚರ್ಚಿನ ಚೌಕದ ಹತ್ತಿರ ಇದ್ದವರು ದೊಡ್ಡವರು. ಇಲ್ಲಿ ಬೆಟ್ಟದ ಮೇಲೆ ಇದ್ದವರು ದೊಡ್ಡವರು.

ಯಾಕೆಂದರೆ ತೋಟದ ದೊರೆಯ ಬಂಗಲೆ ಸಾಮಾನ್ಯವಾಗಿ ಎತ್ತರದಲ್ಲಿ. ಗಾಳಿ ಬೆಳಕು ಚೆನ್ನಾಗಿರುತ್ತೆ, ಕೆಲಸದವರೂ ಕಾಣುತ್ತಾರೆ. ಕೂಲಿಯವರಿಗೆ ದೂರದಲ್ಲಿ ಲೈನ್ ಮನೆ. ಒಂದೇ ಉದ್ದ ಮಾಡು, ನಡುನಡುವೆ ಗೋಡೆ. ನಾನಿರುವುದೂ ಲೈನ್ ಮನೆಯಲ್ಲೇ. ಒಂದು ಕೋಣೆ, ಒಂದು ಅಡಿಗೆ ಮನೆ. ಪಕ್ಕದ ಮನೆಯ ಅಜ್ಜಿ ಕೆಮ್ಮಿದರೆ ನಮಗೆ ಕೇಳುತ್ತೆ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ತೋಟದ ಕೆಲಸದವರಿಗೆ ಮಾಲೀಕರೇ ಮನೆ ಕೊಡಬೇಕು ಎಂಬ ಕಾನೂನು ಬಂತು. ಆದರೂ ಅಂಥ ಮನೆ ಕೆಲಸ ಇರುವ ತನಕ ಮಾತ್ರ. ಐನ್‌ಮನೆಯವರು ಅಜ್ಜನ ಮನೆ ಅಂತಾರೆ, ಬಂಗಲೆಯವರು ನಮ್ಮ ಬಂಗಲೆ ಅಂತಾರೆ. ನಾವು ಮಾತ್ರ 'ಲೈನ್' ಅಂತೀವಿ.

ನಾನು ದೊಡ್ಡವಳಾಗಿ ಮನೆ ಕಟ್ಟಿದರೆ ಅದಕ್ಕೆ ಮಂಗಳೂರು ಹೆಂಚು, ಕೊಡಗಿನ ಕೈಯಾಲೆ ಎರಡೂ ಇಡ್ತೀನಿ. ಪಕ್ಕದ ಮನೆಗೂ ನಮಗೂ ಬೇರೆ ಬೇರೆ ಗೋಡೆ ಇರುತ್ತೆ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಿಮ್ಮ ಮನೆ ಹತ್ತಿರ ಹಳೇ ಹೆಂಚು ಬಿದ್ದಿದ್ದರೆ ಮಗುಚಿ ನೋಡಿ. ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರುತ್ತೆ. ಬರೆದುಕೊಂಡು ಬನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.