ವಾಟರ್ ಪಂಪ್: ನಾವೇ ಬದಲಿಸೋಣವೋ, ಮಿಸ್ತ್ರಿಗೆ ಬಿಡೋಣವೋ?

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ನಳದುರ್ಗ, ದಾಳಿಂಬ, ಉಮರ್ಗಾ ದಾಟಿ ಹುಮನಾಬಾದ್ ಕಡೆ ಹೊರಳುತ್ತದೆ. ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟಿದಾಗ ಈ ದಾರಿಯಲ್ಲಿ ಕ್ಯಾಬಿನ್ ಎತ್ತಿ ನಿಂತ ಲಾರಿಗಳಿಗೆ ಬರವಿಲ್ಲ. ಸುತ್ತ ನೆರೆದವರು ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಮಾತು ಒಂದೇ: “ಪಂಪ್ ಹೋಗ್ಯಾದ, ನಾಲ್ಕು ಬೋಲ್ಟ್ ಬಿಚ್ಚಿದ್ರ ಕೆಲಸ ಆಯ್ತು.”

ತಪ್ಪು ಕಲ್ಪನೆ: ಗಾಡಿ ಬಿಸಿಯಾದರೆ ಪಂಪೇ ಕೆಟ್ಟಿದೆ.

ವಾಸ್ತವ: ಫ್ಯಾನ್ ಬೆಲ್ಟ್ ಸಡಿಲಾಗಿದ್ದರೂ ಬಿಸಿಯಾಗುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೂ, ಥರ್ಮೋಸ್ಟಾಟ್ ಅಂಟಿಕೊಂಡಿದ್ದರೂ, ರಾಶಿಯ ಹೊಟ್ಟು-ಧೂಳು ರೇಡಿಯೇಟರ್ ಜಾಲರಿಗೆ ಮೆತ್ತಿದ್ದರೂ ಅದೇ ಗತಿ. ಪಂಪ್ ಕೆಟ್ಟಿದ್ದರೆ ಗುರುತು ಬೇರೆ. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಡುತ್ತದೆ, ಬೇರಿಂಗ್ ಕೊರೆಯುವ ಸದ್ದು ಬರುತ್ತದೆ, ಇಲ್ಲವೇ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಹನಿಯುತ್ತದೆ.

ತಪ್ಪು ಕಲ್ಪನೆ: ಆ ತೂತಿಗೆ ಎಂ-ಸೀಲ್ ಬಡಿದರೆ ಊರು ಮುಟ್ಟಬಹುದು.

ವಾಸ್ತವ: ಆ ತೂತನ್ನು ಕಂಪನಿಯವರೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಬರಲಿ ಎಂಬುದೇ ಅದರ ಉದ್ದೇಶ. ತೂತು ಮುಚ್ಚಿದರೆ ಬೇರಿಂಗ್ ತುಕ್ಕು ಹಿಡಿದು ಒಡೆಯುತ್ತದೆ, ಪುಲ್ಲಿ ಓಲಾಡಿ ಬೆಲ್ಟ್ ಹರಿಯುತ್ತದೆ. ಹಾಗೆ ಓಡಿಸುವಾಗ ಮೀಟರಿನ ಮುಳ್ಳನ್ನೂ ನಂಬಬೇಡಿ. ನೀರು ಸೆನ್ಸರಿಗಿಂತ ಕೆಳಗಿಳಿದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ತೋರಿಸಬಹುದು.

ತಪ್ಪು ಕಲ್ಪನೆ: ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಕಿತ್ತೆಸೆಯುವುದೇ ಒಳ್ಳೆಯದು.

ವಾಸ್ತವ: ಗ್ಯಾರೇಜುಗಳಲ್ಲಿ ಇಷ್ಟು ಬೇರೂರಿದ ತಪ್ಪು ಇನ್ನೊಂದಿರಲಾರದು. ಪಂಪ್ ಬಿಚ್ಚಿದ ನೆಪದಲ್ಲಿ ಅದನ್ನೂ ತೆಗೆದು ಮೂಲೆಗೆ ಬಿಸಾಡುತ್ತಾರೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚಿಕೊಳ್ಳುತ್ತದೆ. ಅದೇ ಇಲ್ಲವಾದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಹೀಗಾಗಿ ಹಗಲಲ್ಲಿ ಲೋಡ್ ಎಳೆಯುವಾಗ ಬಿಸಿ ಇನ್ನೂ ಏರುತ್ತದೆ. ಚಳಿಗಾಲದ ಮುಂಜಾನೆ ಎಂಜಿನ್ ಹದಕ್ಕೆ ಬರಲು ತಡವಾಗಿ ಡೀಸೆಲ್ ಹೆಚ್ಚು ತಿನ್ನುತ್ತದೆ, ಲೈನರ್ ಸವೆಯುತ್ತದೆ.

ತಪ್ಪು ಕಲ್ಪನೆ: ಹೊಸ ಪಂಪ್ ಕೂರಿಸಿ ಬೋರ್ ನೀರು ತುಂಬಿದರೆ ಸಾಕು.

ವಾಸ್ತವ: ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ನೆಲ ಕರಿಗಲ್ಲಿನದು, ಇಲ್ಲಿನ ಬಹಳಷ್ಟು ಬೋರ್ ನೀರು ಗಡಸು. ಕಾದ ನೀರಿನ ಸುಣ್ಣ ಚಹಾ ಪಾತ್ರೆಯ ತಳದಲ್ಲಿ ಕೂತಂತೆಯೇ ಎಂಜಿನ್ನಿನೊಳಗೂ ಕೂರುತ್ತದೆ, ಶಾಖ ಹೊರಹೋಗಲು ಬಿಡುವುದಿಲ್ಲ. 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತಂದ ಸೀಮೆ ಇದು. ಸಿಕ್ಕ ನೀರನ್ನೇ ಗಾಡಿಗೂ ಸುರಿಯುವುದು ಅರ್ಥವಾಗುವ ಮಾತೇ. ಆದರೂ ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಹೇಳಿದ ಅಳತೆಯಲ್ಲೇ ಬೆರೆಸಬೇಕು. ಬಣ್ಣ ಒಂದೇ ಎಂದ ಮಾತ್ರಕ್ಕೆ ಎರಡು ಕೂಲಂಟ್ ಒಂದೇ ಜಾತಿಯಲ್ಲ. ಇಳಿಸಿದ ಹಳೆಯದನ್ನು ನೆಲಕ್ಕೆ ಚೆಲ್ಲಬೇಡಿ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ಸಿಹಿ ವಿಷ. ನೆಕ್ಕಿದ ನಾಯಿ, ಆಡು ಸಾಯುತ್ತವೆ.

ತಪ್ಪು ಕಲ್ಪನೆ: ಯಾವ ಲಾರಿಯಾದರೇನು, ಪಂಪ್ ಪಂಪೇ.

ವಾಸ್ತವ: ಬೆಲ್ಟಿನಿಂದ ತಿರುಗುವ, ಕೈಗೆಟುಕುವ ಪಂಪ್ ಇರುವ ಹಳೆಯ ಗಾಡಿಯಾದರೆ ನೀವೇ ಬದಲಿಸಿ, ಹಿಂಜರಿಕೆ ಬೇಡ. ಟಾರ್ಕ್ ಪಾನಾ, ಹೊಸ ಪ್ಯಾಕಿಂಗ್, ಹಳೆಯ ಪ್ಯಾಕಿಂಗ್ ಕೆರೆದು ತೆಗೆಯುವ ತಾಳ್ಮೆ ಇರಬೇಕು. ನೀರು ತುಂಬಿದ ಮೇಲೆ ಒಳಗಿನ ಗಾಳಿ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಹೊಸ ಪಂಪಿದ್ದೂ ಬಿಸಿಯಾಗುತ್ತದೆ. ಪಂಪ್ ಗೇರಿನಿಂದ ತಿರುಗುವಂಥದ್ದಾದರೆ, ಅಥವಾ 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಕೈ ಹಾಕಬೇಡಿ. ಸೀಲ್-ಬೇರಿಂಗ್ ಕಿಟ್ ತಂದು ಸುತ್ತಿಗೆಯಿಂದ ಬಡಿದು ಕೂರಿಸುವ ಉಳಿತಾಯವೂ ಬೇಡ; ಅದು ಪ್ರೆಸ್ ಇರುವವರ ಕೆಲಸ.

ಇನ್ನು ಬಿಸಿ ರೇಡಿಯೇಟರಿನ ಮುಚ್ಚಳ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಮುಚ್ಚಳ ತಿರುವಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣಿಯುವವರೆಗೆ ಕಾಯಿರಿ. ಮತ್ತು ಪಂಪ್ ಬದಲಿಸುವ ಕೆಲಸ ಮನೆಯಂಗಳದ್ದು, ಹೆದ್ದಾರಿ ಅಂಚಿನದ್ದಲ್ಲ. ಗಾಡಿ ರಸ್ತೆಯಲ್ಲೇ ನಿಂತರೆ ಗಾಲಿಗೆ ಅಡ್ಡಗಲ್ಲು ಕೊಟ್ಟು, ಹಿಂದೆ ತ್ರಿಕೋನ ಇಟ್ಟು, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.