ನಾಯಿ ಕಚ್ಚಿದ ಮೇಲಿನ ಹದಿನೈದು ನಿಮಿಷ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್! ಹಿರಿಯರ ನೆನಪಿನಿಂದ ಈ ಮಾತು ಇನ್ನೂ ಮಾಸಿಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ್ದರು. ಅದರಿಂದ ನೋವಂತೂ ಇತ್ತು, ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ 2004ರ ಕೊನೆಗೆ ಅದರ ಬಳಕೆ ನಿಂತಿತು. ಲಸಿಕೆ ಹೋದರೂ ಭಯ ಹೋಗಿಲ್ಲ. ಬೀದಿಯಲ್ಲಿ ಆಡುವಾಗ ಕಚ್ಚಿಸಿಕೊಂಡ ಹುಡುಗ ಸೂಜಿಗೂ ಅಪ್ಪನ ಬೈಗುಳಕ್ಕೂ ಹೆದರಿ, ಪ್ಯಾಂಟಿನ ಕಾಲು ಕೆಳಗೆಳೆದುಕೊಂಡು ಸುಮ್ಮನಿದ್ದುಬಿಡುತ್ತಾನೆ.

ಹೀಗೆ ಮುಚ್ಚಿಡುವುದೇ ಜೀವಕ್ಕೆ ಮುಳುವಾಗಬಹುದು. ರೇಬೀಸ್ ವೈರಾಣು ನಾಯಿಯ ಜೊಲ್ಲಿನ ಮೂಲಕ ಗಾಯಕ್ಕಿಳಿದು, ಅಲ್ಲಿಂದ ನರಗಳ ದಾರಿ ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಮುಖ, ತಲೆ, ಕೈಬೆರಳುಗಳಿಗೆ ಕಚ್ಚಿದರೆ ಇನ್ನೂ ಬೇಗ. ನೀರು ಕಂಡರೆ ಗಂಟಲು ಬಿಗಿಯುವ ಹಂತ ಬಂದಮೇಲೆ ಬದುಕುವುದು ಅತ್ಯಪರೂಪ. ಆದ್ದರಿಂದ ವೈರಾಣು ಮಿದುಳು ಸೇರುವ ಮೊದಲೇ ಅದನ್ನು ತಡೆಯಬೇಕು.

ಆ ತಡೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಬಚ್ಚಲಿನ ನಲ್ಲಿಯ ಕೆಳಗೆ. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಎರಡು ನಿಮಿಷವೇ ಹದಿನೈದು ನಿಮಿಷದಂತೆ ಅನ್ನಿಸುತ್ತದೆ. ವೈರಾಣುವಿನ ಹೊರಪದರ ಕೊಬ್ಬಿನದು. ಪಾತ್ರೆಯ ಜಿಡ್ಡನ್ನು ಬಿಡಿಸುವ ಹಾಗೆಯೇ ಸೋಪು ಆ ಪದರವನ್ನೂ ಕರಗಿಸುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿದರೂ ಆದೀತು. ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಬಹುದು.

ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ, ಯಾವುದೂ ಬೇಡ. ಇವು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಾಣುವನ್ನು ತಡೆಯುವುದಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟುವುದೂ ಸಲ್ಲದು.

ತೊಳೆದಾದ ಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವೈದ್ಯರು ಗಾಯದ ಬಗೆಯನ್ನು ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ತೊಳೆದರೆ ಸಾಕು. ರಕ್ತ ಬಾರದ ಪರಚು ಗಾಯಕ್ಕೆ ಲಸಿಕೆ ಬೇಕು. ಹಲ್ಲು ನಾಟಿ ರಕ್ತ ಬಂದಿದ್ದರೆ, ಅಥವಾ ಹಸಿ ಗಾಯ, ಕಣ್ಣು, ಬಾಯಿಗೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.

ಈ ಎರಡನೆಯದನ್ನೇ ಜನ ಹೆಚ್ಚಾಗಿ ಮರೆಯುವುದು. ಲಸಿಕೆ ಪಡೆದ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ಒಂದೆರಡು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಗಾಯದ ಬಳಿ ಕಾವಲಿಗೆ ನಿಲ್ಲುವುದು ಇಮ್ಯುನೊಗ್ಲಾಬ್ಯುಲಿನ್‌ನಲ್ಲಿರುವ ಸಿದ್ಧ ಪ್ರತಿಕಾಯಗಳು. ಅದನ್ನು ದೇಹದ ತೂಕಕ್ಕೆ ತಕ್ಕಂತೆ ಅಳೆದು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಮೊದಲ ದಿನ ಸಿಗದಿದ್ದರೆ, ಮೊದಲ ಲಸಿಕೆಯಿಂದ ಏಳು ದಿನದೊಳಗೆ ಕೊಡಿಸಲೇಬೇಕು.

ಲಸಿಕೆ ಈಗ ಹೊಟ್ಟೆಗಲ್ಲ, ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ; ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ. ಸೊನ್ನೆ ಎಂದರೆ ಮೊದಲ ಸೂಜಿ ಬಿದ್ದ ದಿನ. ಚಿಕ್ಕ ಮಕ್ಕಳಿಗೆ ಸ್ನಾಯುವಿನ ಲಸಿಕೆಯನ್ನು ತೊಡೆಗೆ ಕೊಡುತ್ತಾರೆ. ಕುಂಡೆಗೆ ಯಾರಿಗೂ ಕೊಡುವಂತಿಲ್ಲ. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು. ಪಥ್ಯವಿಲ್ಲ. ಮೊಟ್ಟೆ, ಮಾಂಸ ಬಿಡಬೇಕಿಲ್ಲ.

‘ಸಾಕಿದ ನಾಯಿ, ಹತ್ತು ದಿನ ನೋಡೋಣ’ ಎನ್ನುವ ಮಾತಿನಲ್ಲಿ ಅರ್ಧ ಮಾತ್ರ ಸರಿ. ವೈರಾಣು ಜೊಲ್ಲಿನಲ್ಲಿರುವ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ ಎಂಬುದು ನಿಜ. ಆದರೆ ನಾಯಿಯನ್ನು ನೋಡುತ್ತಾ ಲಸಿಕೆ ತಡಮಾಡಬಾರದು. ಮೊದಲು ಲಸಿಕೆ ಶುರುವಾಗಲಿ. ಹತ್ತು ದಿನ ಕಳೆದೂ ನಾಯಿ ಆರೋಗ್ಯವಾಗಿದ್ದರೆ ಉಳಿದ ಡೋಸುಗಳ ಬಗ್ಗೆ ವೈದ್ಯರೇ ಹೇಳುತ್ತಾರೆ. ನಾಯಿಮರಿ ಕಚ್ಚಿದರೂ ಇದೇ ಕ್ರಮ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಅಲ್ಲಿ ಕೊಡುವ ಚೀಟಿಯನ್ನು ಜೋಪಾನವಾಗಿಡಿ. ಪೂರ್ತಿ ಡೋಸು ಪಡೆದವರಿಗೆ ಮುಂದೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನದ ಎರಡೇ ಡೋಸು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಅದಕ್ಕೆ ಆಧಾರ ಆ ಚೀಟಿಯೇ.